ಅಪ್ಪ ಹೊಲಕ್ಕೆ ಕ್ಷೌರ ಮಾಡಿಸಿದ್ದು

ನಿಮ್ಮೂರಲ್ಲೂ ಧೂಳು ಏಳುತ್ತಾ? ಕಿಟಕಿ ಹಾಕಿದ್ರೂ ಒಳಗೆ ಬಂದು ಬಿಂದಿಗೆ ಮೇಲೆ, ಹಾಸಿಗೆ ಮೇಲೆ, ತಟ್ಟೆ ಅಂಚಲ್ಲಿ ಕೂತ್ಕೊಳ್ಳೋ ಧೂಳು? ನಮ್ಮೂರಲ್ಲಿ ಏಳುತ್ತೆ. ಗಾಳಿ ಶುರುವಾದ್ರೆ ಎಲ್ಲರೂ ಬಾಯಿ ಮುಚ್ಕೋತಾರೆ. ನಾನೂ ಮುಚ್ಕೋತೀನಿ. ಅದು ನನಗೆಷ್ಟು ಕಷ್ಟ ಅಂತ ನನ್ನನ್ನ ಬಲ್ಲವರಿಗೆ ಗೊತ್ತು. ನಮ್ಮ ಅಜ್ಜಿ ನನಗೆ ಇಟ್ಟಿರೋ ಹೆಸರೇ ರೇಡಿಯೋ.

ಈ ಧೂಳು ಎಲ್ಲಿಂದ ಬರುತ್ತೆ ಅಂತ ಊರಿಗೆಲ್ಲ ಗೊತ್ತು. ನಮ್ಮ ಹೊಲದಿಂದ.

ನಾಲ್ಕೈದು ವರ್ಷದ ಹಿಂದೆ ಹೀಗಿರಲಿಲ್ಲ. ನಮ್ಮಪ್ಪಂದು ಕಟಿಂಗ್ ಶಾಪ್. ಒಂದು ಕುರ್ಚಿ, ಒಂದು ಬೆಂಚು, ಗೋಡೆ ತುಂಬ ಒಂದು ಕನ್ನಡಿ. ಶಾಪ್ ಮುಂದೆ ರಸ್ತೆ. ರಸ್ತೆ ದಾಟಿದ್ರೆ ನಮ್ಮ ಎರಡೆಕರೆ. ಅಂದ್ರೆ ಅಜ್ಜಿಯ ಎರಡೆಕರೆ. ಕುರ್ಚಿಲಿ ಕೂತವರಿಗೆ ಬೆನ್ನ ಹಿಂದಿನ ಹೊಲ ಪೂರ್ತಿ ಕನ್ನಡೀಲಿ ಕಾಣುತ್ತೆ. ಹದಿನೈದು ನಿಮಿಷ ಕತ್ತು ಅಲ್ಲಾಡಿಸದೆ ಕೂತವರು ಪಾಪ ಇನ್ನೇನು ನೋಡ್ತಾರೆ? ಸ್ವಂತ ಮುಖ ನೋಡಿ ಬೇಜಾರಾದ್ಮೇಲೆ ನಮ್ಮ ಹೊಲ ನೋಡೋರು.

ಹೊಲದಲ್ಲಿ ಅಲ್ಲಲ್ಲಿ ನಲವತ್ತು ಪೊದೆ. ಸೊಂಟದುದ್ದ, ಸಣ್ಣ ಎಲೆ, ಗುಂಡಗೆ ಹರಡಿಕೊಂಡಿದ್ವು. ಅಪ್ಪನಿಗಿಂತ ಹಳೇವು. ಬಿಸಿಲಿಗೆ ಸಾಯಲ್ಲ, ಯಾರೂ ನೀರು ಹಾಕೋದು ಬೇಡ. ಪ್ರತಿ ವರ್ಷ ಬಿತ್ತನೆಗೆ ಮುಂಚೆ ಅಜ್ಜಿ ಕುಡುಗೋಲು ತಗೊಂಡು ಒಂದೊಂದನ್ನೂ ಮೊಣಕಾಲೆತ್ತರಕ್ಕೆ ಕತ್ತರಿಸೋಳು. ಕತ್ತರಿಸಿದ್ದನ್ನ ಅಲ್ಲೇ ನೆಲದ ಮೇಲೆ ಹರಡೋಳು. ಸುತ್ತ ಜೋಳ ಬಿತ್ತೋಳು. ನಾವು ಯಾವತ್ತೂ ಅಂಗಡಿಯಿಂದ ಜೋಳ ತಂದವರಲ್ಲ.

"ಅಜ್ಜಿ, ಈ ಗಿಡ ಹಣ್ಣು ಕೊಡಲ್ಲ, ಹೂವು ಮೂಸಿದ್ರೆ ವಾಸನೆ ಇಲ್ಲ. ಯಾಕಿದು?" ಅಂತ ಕೇಳಿದ್ದೆ ಒಂದ್ಸಲ.

"ಕಾವು ಕೂತ ಕೋಳಿ ನೋಡಿದ್ದೀಯಾ ರೇಡಿಯೋ? ಮೇಲಿಂದ ನೋಡಿದ್ರೆ ಸೋಮಾರಿ. ಕೆಳಗೆ ಕೈ ಹಾಕು, ಗೊತ್ತಾಗುತ್ತೆ."

ನಾನು ಕೈ ಹಾಕಲಿಲ್ಲ. ಹುಳ ಇರುತ್ತೆ ಅಂತ ಭಯ.

ನಮ್ಮೂರಲ್ಲಿ ಇಟ್ಟಿಗೆ ಭಟ್ಟಿ ಇಟ್ಟಿರೋ ಒಬ್ಬರಿದ್ದಾರೆ. ಇಟ್ಟಿಗೆ ಮಾವ ಅಂತೀವಿ. ವಾರಕ್ಕೆರಡು ಸಲ ಶೇವಿಂಗಿಗೆ ಬರೋರು. ಕೆನ್ನೆಗೆ ನೊರೆ ಹಚ್ಚಿಸಿಕೊಂಡು, ಕನ್ನಡಿ ನೋಡ್ಕೊಂಡು, ಬೆಂಚಿನವರಿಗೆಲ್ಲ ಕೇಳೋ ಹಾಗೆ ಶುರು ಮಾಡೋರು.

"ಏನಯ್ಯ, ಊರಿನ ಗಡ್ಡ ಎಲ್ಲ ನುಣ್ಣಗೆ ಬೋಳಿಸ್ತೀಯ. ನಿನ್ನ ಹೊಲದ ಗಡ್ಡ ತೆಗೆಯೋಕೆ ಯಾವೂರಿಂದ ಆಳು ತರಿಸ್ಬೇಕು?"

ಬೆಂಚು ಕಿಸಿಕಿಸಿ.

"ಅದನ್ನ ನೋಡ್ತಿದ್ರೆ ನನ್ನ ಮುಖ ಕಡಿಯುತ್ತೆ ಕಣಯ್ಯ. ಕಸುಬು ಗೊತ್ತಿದ್ದೋನ ಹೊಲನಾ ಇದು?"

ಅಪ್ಪನಿಗೆ ಕೆಲಸದ ಮೇಲೆ ಮಾತು ಬಂದ್ರೆ ತಡೆಯಲ್ಲ. ಕಿವಿ ಹಿಂದೆ ಒಂದು ಕೂದಲು ಉಳಿದ್ರೂ ರಸ್ತೆವರೆಗೆ ಓಡಿ ಗಿರಾಕಿನ ವಾಪಸ್ ಕರೆತರೋ ಮನುಷ್ಯ. ಒಂದಲ್ಲ ಎರಡಲ್ಲ, ವರ್ಷಗಟ್ಟಲೆ ಕೇಳಿಸಿಕೊಂಡ. ಸುಳ್ಳು ಯಾಕೆ ಹೇಳಲಿ, ನಾನೂ ಅಂದಿದ್ದೆ. "ಅಪ್ಪಾ, ಕಾಲೇಜ್ ಬಸ್ಸಲ್ಲಿ ಎಲ್ಲರೂ ನೋಡ್ತಾರೆ. ನಮ್ಮ ಹೊಲ ಈಗ ತಾನೇ ನಿದ್ದೆಯಿಂದ ಎದ್ದು ಬಂದಂಗಿದೆ." ಇದನ್ನೇ ಬಸ್ಸಲ್ಲೂ ಹೇಳಿದ್ದೆ, ಎಲ್ಲರೂ ನಕ್ಕಿದ್ರು. ನನಗೆ ಖುಷಿಯಾಗಿತ್ತು.

ಅಪ್ಪ ಒಂದು ದಿನ ಅಜ್ಜಿ ಹತ್ರ ಮಾತು ತೆಗೆದ.

"ಅಮ್ಮ, ಆ ಪೊದೆಗಳನ್ನ ತೆಗೆಸಿಬಿಡೋಣ. ಇರೋದೇ ಹನಿ ನೀರು. ನಲವತ್ತು ಬಾಯಿ ಕುಡೀತಾ ಕೂತಿವೆ."

"ನಲವತ್ತು ಬಾಯಿ ಕುಡಿದೂ ಇಷ್ಟು ವರ್ಷ ನಿನ್ನ ಹೊಟ್ಟೆ ತುಂಬಿಲ್ವೇನೋ?"

"ತೆಗೆದ್ರೆ ಇನ್ನೂ ಜಾಸ್ತಿ ತುಂಬುತ್ತಲ್ಲ."

"ನಾನು ಇರೋವರೆಗೂ ಮುಟ್ಟಬೇಡ. ಆಮೇಲೆ ನಿನ್ನಿಷ್ಟ, ನಿನ್ನ ಕರ್ಮ."

ಅಪ್ಪ ಆಯ್ತು ಅಂದ. ಅಜ್ಜಿ ಕಣ್ಣು ತೋರಿಸೋಕೆ ಆಸ್ಪತ್ರೆಗೆ ಹೋಗೋ ದಿನ ನೋಡಿಟ್ಟುಕೊಂಡ. ಕರ್ಕೊಂಡು ಹೋದವಳು ನಾನೇ. ನನಗೆ ಮೊದಲೇ ಗೊತ್ತಿತ್ತು.

ಕಣ್ಣಿಗೆ ಔಷಧಿ ಹಾಕಿದ್ರು. ಸಂಜೆವರೆಗೂ ಸರಿಯಾಗಿ ಕಾಣಲ್ಲ ಅಂದ್ರು. ಮಧ್ಯಾಹ್ನ ಬಸ್ ಇಳಿದ್ವಿ. ಅಜ್ಜಿ ನನ್ನ ಕೈ ಹಿಡ್ಕೊಂಡು ಹೊಲದ ಕಡೆ ತಿರುಗಿ ನಿಂತಳು.

"ರೇಡಿಯೋ, ಯಾಕೆ ಇಷ್ಟೊಂದು ಬೆಳಕು? ಆ ಕಡೆ ಏನೂ ಇಲ್ವಾ?"

ನಾನು ಮಾತಾಡಲಿಲ್ಲ. ಅಜ್ಜಿಗೆ ಅಷ್ಟೇ ಸಾಕಾಯ್ತು.

ಮಣ್ಣು ತೆಗೆಯೋ ಮಷೀನು ಮೂವತ್ತೊಂಬತ್ತನ್ನ ಬೇರು ಸಮೇತ ಕಿತ್ತು ಹಾಕಿತ್ತು. ಮೂಲೆಯಲ್ಲಿ ಒಂದು ಉಳಿದಿತ್ತು. ಅಜ್ಜಿ ನನ್ನ ಕೈ ಕೊಡವಿ, ಗುಂಡಿಗಳಲ್ಲಿ ಎಡವಿ, ಸದ್ದು ಬರೋ ಕಡೆಗೇ ನಡೆದು, ಆ ಗಿಡದ ಬುಡದಲ್ಲಿ ಕೂತುಬಿಟ್ಟಳು. ಮಷೀನಿನವನು ಇಳಿದು ಬಂದ.

"ಅಜ್ಜಿ, ಏಳಿ. ಇದೊಂದೇ ಬಾಕಿ."

"ಕಾವು ಕೂತಿದ್ದೀನಿ. ಏಳಲ್ಲ."

ಅವನು ಅಪ್ಪನ ಮುಖ ನೋಡಿದ. ಅಪ್ಪ ನೆಲ ನೋಡಿದ. ಮಷೀನು ಆಫ್ ಆಯ್ತು. ಕಿತ್ತ ಬೇರು, ಬೊಡ್ಡೆ ಎಲ್ಲಾನೂ ಅವತ್ತೇ ಇಟ್ಟಿಗೆ ಮಾವ ಭಟ್ಟಿಗೆ ಸೌದೆ ಅಂತ ಹೇರಿಕೊಂಡು ಹೋದ. ಪುಕ್ಕಟೆ.

ಅವತ್ತಿಂದ ಅಜ್ಜಿ ಅಪ್ಪನ ಜೊತೆ ಉಪ್ಪು, ನೀರು, ಬಾಗಿಲು ಹಾಕು, ಇಷ್ಟು ಬಿಟ್ಟು ಬೇರೆ ಮಾತೇ ಆಡಲಿಲ್ಲ. ಶಾಪಿನ ಪಕ್ಕದ ಜಗಲಿಯಲ್ಲಿ ಅವಳದೊಂದು ಪ್ಲಾಸ್ಟಿಕ್ ಕುರ್ಚಿ. ದಿನಾ ರಸ್ತೆ ಕಡೆ ಮುಖ ಮಾಡಿ ಕೂರೋಳು. ಅದನ್ನ ಗೋಡೆ ಕಡೆ ತಿರುಗಿಸಿಕೊಂಡಳು.

ಆಮೇಲೆ ಒಂದು ತಮಾಷೆ ನಡೀತು. ಆ ವರ್ಷ ಬೆಳೆ ಭರ್ಜರಿ ಬಂತು! ಪೊದೆ ಇದ್ದ ಜಾಗದಲ್ಲೆಲ್ಲ ಗುಂಡಗೆ, ಅಪ್ಪನ ಎತ್ತರಕ್ಕೆ, ಕಡುಹಸಿರು ಜೋಳ. ಮಿಕ್ಕ ಕಡೆ ಸುಮಾರು. ಅಪ್ಪ ಕನ್ನಡಿ ಒರೆಸಿದ್ದೇ ಒರೆಸಿದ್ದು. "ನೋಡಿ, ನೋಡಿ, ಕಳ್ಳರು ಹೋದ್ಮೇಲೆ ಮನೆ ಹೇಗಿದೆ ನೋಡಿ." ಗಿರಾಕಿಗಳೂ ಭೇಷ್ ಅಂದ್ರು. ಇನ್ನಿಬ್ಬರು ತಮ್ಮ ಹೊಲದ ಪೊದೆನೂ ಕೀಳಿಸಿದ್ರು.

ಅಜ್ಜಿಗೆ ಹೇಳಿದೆ. ಗೋಡೆ ನೋಡ್ಕೊಂಡೇ ಅಂದ್ಲು, "ತಿನ್ನಿ."

ಎರಡನೇ ವರ್ಷ ಆ ಗುಂಡಗಿನ ಜಾಗಗಳಲ್ಲೂ ಬೆಳೆ ಸಣಕಲು. ಮೂರನೇ ವರ್ಷ ಬಿತ್ತಿದ್ದು ಸರಿಯಾಗಿ ಮೇಲೆ ಬರಲೇ ಇಲ್ಲ. ಒಂದು ಮಳೆ ಬಿತ್ತು, ಬಿದ್ದ ನೀರು ಹರಿದು ರಸ್ತೆಗೆ ಹೋಯ್ತು, ನೆಲ ಒಣಗಿ ಹಪ್ಪಳದ ಥರ ಗಟ್ಟಿಯಾಯ್ತು. ಮೊಳಕೆಗಳು ಆ ಹಪ್ಪಳ ಒಡೆಯೋಕಾಗದೆ ಒಳಗೇ ಸತ್ತವು. ಆಮೇಲೆ ಗಾಳಿ. ಅಪ್ಪ ಒಂದೊಂದು ಗಡ್ಡಕ್ಕೆ ಎರಡು ಸಲ ಕನ್ನಡಿ ಒರೆಸಬೇಕು. ನೊರೆ ಮೇಲೆ ಧೂಳು ಕೂತು ಬ್ಲೇಡು ಮೊಂಡಾಗ್ತಿತ್ತು. ಅಮ್ಮ ಮೊದಲನೇ ಸಲ ಜೋಳದ ಚೀಲ ಅಂಗಡಿಯಿಂದ ಹೊತ್ತು ತಂದ್ಲು. ಅಜ್ಜಿ ಚೀಲದ ಸದ್ದು ಕೇಳಿ ಎದ್ದು ಒಳಗೆ ಹೋದಳು. ಅವತ್ತು ಅವಳು ಊಟ ಮಾಡಲಿಲ್ಲ.

ಸರಿಯಾಗಿ ಆಗ ಇಟ್ಟಿಗೆ ಮಾವ ಹೊಸ ರಾಗ ತೆಗೆದ.

"ಬೆಳೆ ಅಂತೂ ಬರಲ್ಲ. ಮಣ್ಣಾದ್ರೂ ಕೊಡು, ಇಟ್ಟಿಗೆಗಾಗುತ್ತೆ. ಎರಡಾಳುದ್ದ ತೆಗೀತೀನಿ. ಸೋಮವಾರ ಮಷೀನು ತರ್ತೀನಿ, ಏನಂತೀಯ?"

"ಆಮೇಲೆ ಹೊಲ?" ಅಂದ ಅಪ್ಪ.

"ಗುಂಡಿ ನಿನ್ನದೇ ಕಣಯ್ಯ. ನಾನೇನು ಗುಂಡಿ ಹೊತ್ಕೊಂಡು ಹೋಗ್ತೀನಾ?"

ಬೆಂಚು ನಕ್ಕಿತು. ಅಪ್ಪ ಇಲ್ಲ ಅನ್ನಲಿಲ್ಲ. ಸೋಮವಾರಕ್ಕೆ ನಾಲ್ಕು ದಿನ ಇತ್ತು. ಅವತ್ತು ಮಣ್ಣು ಹೋಯ್ತು ಅಂದ್ರೆ ಎರಡೆಕರೆ ಹೋಯ್ತು. ನಮ್ಮ ಕಾಲಕ್ಕಷ್ಟೇ ಅಲ್ಲ, ನಮ್ಮ ಮೊಮ್ಮಕ್ಕಳ ಕಾಲಕ್ಕೂ.

ಶನಿವಾರ ಒಬ್ಬರು ಸ್ಕೂಟರ್ ನಿಲ್ಲಿಸಿ, ಕಣ್ಣು ಉಜ್ಜಿಕೊಳ್ತಾ ಶಾಪಿಗೆ ಬಂದ್ರು. ಊರೂರು ಸುತ್ತಿ ಮಣ್ಣು ಪರೀಕ್ಷೆ ಮಾಡೋ ಅಕ್ಕ. ಹೆಗಲ ಚೀಲದ ತುಂಬ ಮಣ್ಣಿನ ಪೊಟ್ಟಣ.

"ಅಣ್ಣ, ಸ್ವಲ್ಪ ನೀರು ಕೊಡ್ತೀರಾ? ಯಾರ ಹೊಲಾನೋ ನನ್ನ ಕಣ್ಣಲ್ಲಿದೆ."

"ನಮ್ಮದೇ," ಅಂದೆ ನಾನು. ಅಪ್ಪ ನನ್ನನ್ನ ಕೆಕ್ಕರಿಸಿ ನೋಡಿದ.

ಅಕ್ಕ ಕಣ್ಣು ತೊಳೆದು ಕನ್ನಡಿ ನೋಡಿದ್ರು. ಆಮೇಲೆ ತಿರುಗಿ ಹೊಲ ನೋಡಿದ್ರು. "ಆ ಮೂಲೆಯಲ್ಲಿ ಒಂದು ಪೊದೆ ಇದೆಯಲ್ಲ, ಮಿಕ್ಕವು ಎಲ್ಲಿ?"

"ಮಿಕ್ಕವು ಇಟ್ಟಿಗೆಯಾದವು," ಅಂದ್ಲು ಅಜ್ಜಿ ಗೋಡೆ ಕಡೆಯಿಂದ.

ಅಪ್ಪನಿಗೆ ರೇಗಿತು. "ಏನು ತಾಯಿ, ನೀವೂ ಶುರು ಮಾಡ್ತೀರಾ? ಗಿಡ ತೆಗೆದ ವರ್ಷ ಹೇಗೆ ಬೆಳೆದಿತ್ತು ಊರನ್ನೇ ಕೇಳಿ. ಮಳೆ ಸರಿ ಇಲ್ಲ, ಅದಕ್ಕೆ ಗಿಡ ಏನು ಮಾಡುತ್ತೆ?"

"ಗುಂಡಗೆ ಬೆಳೆದಿತ್ತಾ ಅಣ್ಣ? ಗಿಡ ಇದ್ದ ಜಾಗದಲ್ಲೇ?"

ಅಪ್ಪ ಕನ್ನಡಿ ಒರೆಸೋಕೆ ಬಟ್ಟೆ ತಗೊಂಡ.

"ಒಂದು ಚೊಂಬು ನೀರು ತನ್ನಿ. ಜಗಳ ಆಮೇಲೆ ಆಡೋಣ."

ಚೊಂಬು ಸಿಗಲಿಲ್ಲ ಅಂತ ಅಪ್ಪನ ಶೇವಿಂಗ್ ಮಗ್ಗನ್ನೇ ತಗೊಂಡು ಹೋದ್ವಿ. ಬಟಾ ಬಯಲಲ್ಲಿ ಅಕ್ಕ ಮಗ್ಗಿನ ನೀರು ಸುರಿದ್ರು. ನೀರು ನೆಲದ ಮೇಲೆ ಪಳಪಳ ಹೊಳೀತಾ ನಿಂತುಬಿಟ್ಟಿತು. ಒಂದು ಗಡ್ಡ ಪೂರ್ತಿ ಬೋಳಿಸಬಹುದಿತ್ತು, ಅಷ್ಟು ಹೊತ್ತು. ಅರ್ಧ ಆರಿತು, ಅರ್ಧ ಹರಿದು ಹೋಯ್ತು. ಆಮೇಲೆ ಮೂಲೆಯ ಪೊದೆ ಕೆಳಗೆ ಇನ್ನೊಂದು ಮಗ್ಗು. ನೀರು ಗೊಳಕ್ ಅಂತ ಮಾಯ. ಬ್ರಷ್ಷಿಗೆ ಸೋಪು ಹಚ್ಚೋಷ್ಟರಲ್ಲಿ ನೆಲ ಕುಡಿದು ಬಾಯಿ ಒರೆಸಿಕೊಂಡಿತ್ತು.

"ಕೈ ಹಾಕಿ ಅಣ್ಣ," ಅಂದ್ರು ಅಕ್ಕ.

ಅಪ್ಪ ಹಾಕಿದ. ನಾನೂ ಹಾಕಿದೆ, ಮೊದಲನೇ ಸಲ. ಮೆತ್ತಗೆ, ತಣ್ಣಗೆ, ಪುಡಿಪುಡಿ. ಕೊಳೆತ ಎಲೆ, ಹಕ್ಕಿ ಹಿಕ್ಕೆ, ಸಣ್ಣ ಸಣ್ಣ ತೂತು, ಹುಳ. ಹುಳ ಇತ್ತು, ನಿಜ. ಹುಳಕ್ಕೆ ಹೆದರಿ ನಾನು ಎಷ್ಟು ದಡ್ಡಿಯಾಗಿದ್ದೆ ಅನ್ನೋದು ಬೇರೆ ಕಥೆ.

"ಗಿಡ ನೀರು ಕುಡಿಯಲ್ಲ ಅಂತ ಹೇಳ್ತೀರಾ?" ಅಂದ ಅಪ್ಪ. ಇನ್ನೂ ಬಿಟ್ಟುಕೊಟ್ಟಿರಲಿಲ್ಲ.

"ಕುಡಿಯುತ್ತೆ. ಆದ್ರೆ ಜೋಳ ಕುಡಿಯೋ ಮಟ್ಟದಲ್ಲಿ ಸ್ವಲ್ಪ, ಆಳದಲ್ಲಿ ಜಾಸ್ತಿ. ಜೋಳದ ಬೇರು ಮುಟ್ಟದ ಕಡೆ ಇದರ ಬೇರು ಇಳಿದಿರುತ್ತೆ. ಅಲ್ಲಿನ ಸತ್ವ ಎಲೆಗೆ ಹತ್ತುತ್ತೆ, ಎಲೆ ಉದುರುತ್ತೆ, ಕೊಳೆತು ಮೇಲಿನ ಮಣ್ಣಿಗೆ ಸೇರುತ್ತೆ. ಗಾಳಿ ಹೊತ್ಕೊಂಡು ಹೋಗೋ ಒಳ್ಳೇ ಮಣ್ಣನ್ನೂ ಇದು ತಡೆದು ಬುಡದಲ್ಲಿ ಇಟ್ಕೊಳ್ಳುತ್ತೆ. ನೆರಳಿಗೆ ತೇವ ಆರಲ್ಲ. ಜೋಳ ನಾಲ್ಕು ತಿಂಗಳ ನೆಂಟ ಅಣ್ಣ, ಉಂಡು ಹೋಗುತ್ತೆ. ಇದು ವರ್ಷಪೂರ್ತಿ ಮನೇಲಿದ್ದು ಕೆಲಸ ಮಾಡೋ ಜೀವ. ಒಣ ನೆಲದಲ್ಲಿ ಮಣ್ಣು ಮಾಡೋದೇ ಇಂಥ ಬಹುವರ್ಷದ ಗಿಡ."

"ಹಾಗಾದ್ರೆ ಮೊದಲನೇ ವರ್ಷ ಅಷ್ಟು ಚೆನ್ನಾಗಿ ಯಾಕೆ ಬಂತು?"

ಅಕ್ಕ ಒಂದು ಹಿಡಿ ಮಣ್ಣು ಎತ್ತಿ ಬೆರಳ ಸಂದಿಯಿಂದ ಉದುರಿಸಿದ್ರು. ಹೇಳೋಕೆ ಅವರಿಗೂ ಕಷ್ಟ ಆಯ್ತು ಅನ್ಸುತ್ತೆ.

"ಅದು ಗಿಡಗಳು ಐವತ್ತು ಅರವತ್ತು ವರ್ಷ ಕೂಡಿಟ್ಟ ಗಂಟು ಅಣ್ಣ. ಕೋಳಿನ ಓಡಿಸಿ ಮೊಟ್ಟೆ ತಿಂದ್ರಿ. ಮೊಟ್ಟೆ ರುಚಿಯಾಗೇ ಇರುತ್ತೆ. ಉಳಿದಿದ್ದನ್ನ ಬಿಸಿಲು ಸುಟ್ಟಿತು, ಗಾಳಿ ಒಯ್ತು."

ಅಪ್ಪ ಮಗ್ಗು ಹಿಡ್ಕೊಂಡು ಕುಕ್ಕರಗಾಲಲ್ಲಿ ಕೂತೇ ಇದ್ದ. ಆಮೇಲೆ ಕೇಳಿದ, "ಮತ್ತೆ ನಮ್ಮಮ್ಮ ವರ್ಷಾ ವರ್ಷಾ ಕತ್ತರಿಸ್ತಿದ್ದಳಲ್ಲ, ಆಗ ಏನೂ ಆಗ್ತಿರಲಿಲ್ವಲ್ಲ?"

"ಅವರು ಮಾಡ್ತಿದ್ದಿದ್ದೇ ಸರಿ. ತೀರಾ ದಟ್ಟ ಬೆಳೆದ್ರೆ ಬೆಳೆಗೆ ನೆರಳು ಜಾಸ್ತಿಯಾಗುತ್ತೆ. ಅದಕ್ಕೆ ಬಿತ್ತನೆಗೆ ಮುಂಚೆ ಮೇಲೆ ಕತ್ತರಿಸಿ, ಸೊಪ್ಪು ಅಲ್ಲೇ ಹರಡಬೇಕು. ಸುಡಬಾರದು. ಬುಡ ಮುಟ್ಟಬಾರದು. ಮತ್ತೆ ಚಿಗುರುತ್ತೆ."

"ಕತ್ತರಿಸಿದ್ರೆ ಬರುತ್ತೆ. ಬೇರು ಕಿತ್ರೆ ಬರಲ್ಲ." ಅಪ್ಪ ನಕ್ಕ. ಆ ನಗು ನನಗೆ ಇಷ್ಟ ಆಗಲಿಲ್ಲ. "ಮೂವತ್ತು ವರ್ಷದಿಂದ ಕೂದಲು ಕತ್ತರಿಸ್ತಿದ್ದೀನಿ ತಾಯಿ. ಇದನ್ನ ನನಗೆ ಇನ್ನೊಬ್ಬರು ಹೇಳ್ಕೊಡಬೇಕಾಯ್ತು."

ಸೋಮವಾರ ಬೆಳಿಗ್ಗೆ ಇಟ್ಟಿಗೆ ಮಾವ ಮಷೀನನ್ನ ರಸ್ತೆ ಪಕ್ಕ ನಿಲ್ಲಿಸಿ, ಮೊದಲು ಶೇವಿಂಗ್ ಅಂತ ಕುರ್ಚಿಲಿ ಕೂತ. ಅಪ್ಪ ನೊರೆ ಹಚ್ಚಿದ. ಕತ್ತಿ ತೆಗೆದ. ಒಂದು ಕೆನ್ನೆ ಮುಗಿಸಿ ಗಂಟಲ ಹತ್ರ ಬಂದು ನಿಂತ.

"ಮಣ್ಣು ಕೊಡಲ್ಲ," ಅಂದ.

ಮಾವ ಏನೋ ಹೇಳೋಕೆ ಬಾಯಿ ತೆಗೆದು, ಕತ್ತಿ ಎಲ್ಲಿದೆ ಅಂತ ನೆನಪಾಗಿ ಬಾಯಿ ಮುಚ್ಚಿಕೊಂಡ. ಅವನು ಒಂದು ಮಾತೂ ಆಡದ್ದನ್ನ ಬೆಂಚು ಅವತ್ತೇ ನೋಡಿದ್ದು. ಅಪ್ಪ ನಿಧಾನಕ್ಕೆ ಇನ್ನೊಂದು ಕೆನ್ನೆನೂ ಮುಗಿಸಿ, ಬಿಸಿ ಬಟ್ಟೆಯಿಂದ ಒರೆಸಿ, ಕನ್ನಡಿ ತೋರಿಸಿದ. ಕೆಲಸ ಕೆಲಸಾನೇ.

"ನಾಳೆಯಿಂದ ಬೇರೆ ಶಾಪ್ ನೋಡ್ಕೋತೀನಿ," ಅಂದ ಮಾವ.

"ನೋಡ್ಕೊಳ್ಳಿ. ಅಲ್ಲಿಯ ಕನ್ನಡೀಲಿ ಯಾರ ಹೊಲ ಕಾಣುತ್ತೆ ಅಂತ ಹೇಳಿ ಕಳಿಸಿ. ಅವರಿಗೆ ಎಚ್ಚರ ಕೊಡ್ತೀನಿ."

ಮಷೀನು ಹೋದ್ಮೇಲೆ ಅಪ್ಪ ಜಗಲಿಗೆ ಬಂದು ಅಜ್ಜಿಯ ಕುರ್ಚಿ ಪಕ್ಕ ನೆಲಕ್ಕೆ ಕೂತ.

"ಅಮ್ಮ, ಮತ್ತೆ ನೆಡ್ತೀನಿ. ಯಾವ ಯಾವ ಜಾಗದಲ್ಲಿತ್ತು ನನಗೆ ನೆನಪಿಲ್ಲ."

ಅಜ್ಜಿ ಕೋಲು ತಗೊಂಡು ಎದ್ದಳು. ಈಗ ಅವಳಿಗೆ ಬೆಳಕು, ಕತ್ತಲು ಅಷ್ಟೇ ಕಾಣೋದು. ಆದ್ರೂ ಮೂಲೆಯ ಗಿಡದಿಂದ ಶುರು ಮಾಡಿ, ಹೆಜ್ಜೆ ಎಣಿಸಿ, ಕೋಲಿಂದ ನೆಲ ಕುಟ್ಟುತ್ತಾ ಹೋದಳು. "ಇಲ್ಲಿ. ಇಲ್ಲಿ. ಇಲ್ಲೊಂದು, ಇದು ನೀನು ಹುಟ್ಟಿದ ವರ್ಷ ಮಿಡತೆ ತಿಂದು ಮತ್ತೆ ಚಿಗುರಿದ್ದು." ಅಪ್ಪ ಹಿಂದೆ ಹಿಂದೆ ಗೂಟ ಹೊಡೀತಾ ಹೋದ. ಮೂವತ್ತೊಂಬತ್ತು ಗೂಟ. ಒಂದೂ ತಪ್ಪಲಿಲ್ಲ, ಗೂಟದ ಬುಡದಲ್ಲಿ ಅಗೆದ್ರೆ ಹಳೇ ಬೇರಿನ ತುಂಡು ಸಿಗ್ತಿತ್ತು.

ಬೀಜ ಬಂದಿದ್ದು ಅಜ್ಜಿ ಬುಡದಲ್ಲಿ ಕೂತು ಉಳಿಸಿದ ಆ ಒಂದೇ ಗಿಡದಿಂದ. ಅಕ್ಕ ಸಸಿ ಮಾಡೋದು ತೋರಿಸಿಕೊಟ್ರು. ಮಳೆ ಬಂದ ಕೂಡಲೇ ನೆಟ್ವಿ. ಸುತ್ತ ಅರ್ಧಚಂದ್ರದ ಹಾಗೆ ಮಣ್ಣಿನ ಸಣ್ಣ ಕಟ್ಟೆ, ಹರಿಯೋ ನೀರು ನಿಲ್ಲಲಿ ಅಂತ.

"ಮಣ್ಣು ಮೊದಲಿನ ಹಾಗಾಗೋಕೆ ಎಷ್ಟು ದಿನ ಬೇಕಮ್ಮ?" ಅಂತ ಅಜ್ಜಿ ಕೇಳಿದ್ಲು.

"ಗಿಡ ನಿಲ್ಲೋಕೆ ಮೂರ್ನಾಲ್ಕು ವರ್ಷ ಅಜ್ಜಿ. ಮಣ್ಣು ಸರಿಯಾಗೋಕೆ..." ಅಕ್ಕ ನನ್ನ ಕಡೆ ನೋಡಿದ್ರು. "ಇಪ್ಪತ್ತೋ, ಮೂವತ್ತೋ. ಇನ್ನೂ ಜಾಸ್ತಿನೇ ಆಗಬಹುದು."

"ಹಾಗಾದ್ರೆ ನನಗೆ ಪುರುಸೊತ್ತಿಲ್ಲ," ಅಂದ್ಲು ಅಜ್ಜಿ.

ಮೂವತ್ತೊಂಬತ್ತರಲ್ಲಿ ಬೇಸಿಗೆ ದಾಟಿ ಉಳಿದದ್ದು ಹದಿನೇಳು. ಸತ್ತ ಜಾಗಕ್ಕೆ ಮತ್ತೆ ನೆಟ್ಟಿದ್ದೀವಿ. ಅಪ್ಪ ದಿನಾ ಸಂಜೆ ಶಾಪ್ ಮುಚ್ಚಿ, ಶೇವಿಂಗ್ ಮಗ್ಗಲ್ಲಿ ಒಂದೊಂದಕ್ಕೂ ನೀರು ಹಾಕ್ತಾನೆ. ಹಿಂದೆ ಇವಕ್ಕೆ ಯಾರೂ ನೀರು ಹಾಕ್ತಿರಲಿಲ್ಲ ಅಂತ ನಾನು ಹೇಳಿದ್ದೆನಲ್ಲ. ಧೂಳು ಇನ್ನೂ ಏಳುತ್ತೆ. ಅಮ್ಮ ಇನ್ನೂ ಚೀಲ ಹೊತ್ತು ತರ್ತಾಳೆ. ಅಜ್ಜಿ ಅಪ್ಪನ ಹತ್ರ ಈಗ ಸ್ವಲ್ಪ ಜಾಸ್ತಿ ಮಾತಾಡ್ತಾಳೆ, "ನೀರು ಹಾಕಿದ್ಯಾ?" ಅಂತ. ಕುರ್ಚಿ ಮಾತ್ರ ಗೋಡೆ ಕಡೆಗೇ ಇದೆ. ತಿರುಗಿಸಲಾ ಅಂತ ಕೇಳಿದೆ. "ಇರಲಿ ಬಿಡು ರೇಡಿಯೋ, ಏನಿದೆ ಅಲ್ಲಿ ನೋಡೋಕೆ? ಬಂದ್ಮೇಲೆ ಹೇಳು," ಅಂದ್ಲು.

ಈಗ ನಿಮ್ಮ ಹತ್ರ ಮಾತು, ಇದನ್ನ ಓದ್ತಿರೋರು, ಸಂಘದಲ್ಲಿ ಕೂತು ಕೇಳ್ತಿರೋರು. ನಿಮ್ಮ ಒಣ ಹೊಲದಲ್ಲಿ ಹಳೇ ಪೊದೆ ಇದೆಯಾ? ಹಿರಿಯರು ಯಾಕೋ ಬಿಟ್ಟಿದ್ದಾರೆ, ಯಾಕೆ ಅಂತ ಗೊತ್ತಿಲ್ಲ, ಅಲ್ವಾ? ಮಷೀನಿಗೆ ಫೋನ್ ಮಾಡೋ ಮುಂಚೆ ಎರಡು ಮಗ್ಗು ನೀರು ತಗೊಂಡು ಹೋಗಿ. ಒಂದನ್ನ ಬಯಲಲ್ಲಿ ಸುರೀರಿ, ಒಂದನ್ನ ಪೊದೆ ಕೆಳಗೆ. ನೀವೇ ನೋಡಿ. ಕೆಲವು ಗಿಡ ಹೊರಗಿಂದ ಬಂದು ಹೊಲಾನೇ ನುಂಗುತ್ತೆ, ಅದೂ ನಿಜ. ನಿಮ್ಮದು ಯಾವುದು ಅಂತ ಮಣ್ಣು ಪರೀಕ್ಷೆಯವರನ್ನ ಕೇಳಿ. ಒಳ್ಳೇದಾದ್ರೆ ಮೇಲೆ ಕತ್ತರಿಸಿ, ಸೊಪ್ಪು ಅಲ್ಲೇ ಹರಡಿ, ಸುಡಬೇಡಿ, ಬೇರು ಕೀಳಬೇಡಿ. ಯಾರಾದ್ರೂ ನಕ್ರೆ ನಗಲಿ. ನಗೋರ ಮನೆಗೆ ನೀವು ಜೋಳ ಕೇಳೋಕೆ ಹೋಗಲ್ಲ.

ಕೀಳೋಕೆ ಅರ್ಧ ದಿನ ಸಾಕು. ನಮ್ಮಪ್ಪನಿಗೂ ಅಷ್ಟೇ ಹಿಡಿದಿದ್ದು, ಬೆಳಿಗ್ಗೆ ಅಜ್ಜಿ ಬಸ್ ಹತ್ತಿ ಮಧ್ಯಾಹ್ನ ಇಳಿಯೋವರೆಗೆ.